ನಮ್ಮವರ ಹೊಟ್ಟೆಗೆ ಬಂದ ಮರ್ಯಾದೆ

ಮೊದಲೇ ಹೇಳಿಬಿಡುತ್ತೇನೆ, ಇದು ಮಲದ ಕತೆ. ಮೂಗು ಮುಚ್ಚಿಕೊಳ್ಳುವವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ. ನಾನೂ ಮೊದಮೊದಲು ಮೂಗು ಮುಚ್ಚಿಕೊಂಡವಳೇ. ಆಮೇಲೆ ಅದೇ ವಿಷಯಕ್ಕೆ ಒಡಹುಟ್ಟಿದ ಅಣ್ಣನ ಜೊತೆ ಜಗಳವಾಡಿ ಅವನ ಮನೆಯಿಂದ ಅರ್ಧ ಊಟದಲ್ಲಿ ಎದ್ದು ಬಂದೆ ಅಂದರೆ, ಮನುಷ್ಯರು ಎಲ್ಲಿಂದ ಎಲ್ಲಿಗೆ ಬಂದು ನಿಲ್ಲುತ್ತಾರೆ ನೋಡಿ.

ನಮ್ಮವರು ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದರು. ಹಳೇ ಕಾಲದ ಲಿಫ್ಟು, ಕಬ್ಬಿಣದ ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿ. ಮಹಡಿಯ ಅಂಚಿಗೆ ಸರಿಯಾಗಿ, ಬೆರಳಷ್ಟೂ ಹೆಚ್ಚುಕಮ್ಮಿ ಆಗದಂತೆ ನಿಲ್ಲಿಸುವುದು ಅವರ ಹೆಮ್ಮೆ. ಆಮೇಲೆ ಹೊಸ ಲಿಫ್ಟ್ ಬಂತು, ಜನ ತಾವೇ ಗುಂಡಿ ಒತ್ತಿಕೊಂಡು ಹೋಗತೊಡಗಿದರು. ಕಟ್ಟಡದ ಮಾಲೀಕರು ಕೆಟ್ಟವರಲ್ಲ, ಇವರನ್ನು ಕೆಲಸದಿಂದ ತೆಗೆಯಲಿಲ್ಲ. ಲಿಫ್ಟಿನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿದರು. ಕೂತು ಏನು ಮಾಡಬೇಕು ಅಂತ ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುವುದು, ಜನ ಗುಂಡಿ ಒತ್ತುವುದನ್ನು ನೋಡುವುದು, ಸಂಜೆ ತೆಪ್ಪಗೆ ಮನೆಗೆ ಬರುವುದು. ನಾನು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ರಿಪೇರಿ ಮಾಡುತ್ತೇನೆ, ಝಿಪ್ ಬದಲಿಸುವುದು, ಪ್ಯಾಂಟಿನ ಕಾಲು ಮಡಿಸಿ ಹೊಲಿಯುವುದು, ಇಂಥದ್ದೆಲ್ಲ. ಕೈಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ. ಅವರು ಮಾತು ಬಿಟ್ಟ ಮೇಲೆ ಅವರ ಪಾಲಿನ ಮಾತನ್ನೂ ನಾನೇ ಆಡುತ್ತಾ ಬಂದೆ.

ಅಷ್ಟರಲ್ಲಿ ಆ ಕಟ್ಟಡದ ತುತ್ತತುದಿಯ ಮಹಡಿಗೆ ಒಂದು ಲ್ಯಾಬ್ ಬಂತು. ಆಲೂಗಡ್ಡೆ, ಬ್ರೆಡ್ಡು, ಹುರುಳಿಕಾಳು, ಬಾಳೆಕಾಯಿ, ಇವುಗಳಲ್ಲೆಲ್ಲ ಇರುವ ಪಿಷ್ಟ ಹೊಟ್ಟೆಯೊಳಗೆ ಹೋಗಿ ಏನಾಗುತ್ತದೆ ಅಂತ ನೋಡುವ ಲ್ಯಾಬ್. ಅದರ ಮುಖ್ಯಸ್ಥೆ ನನಗಿಂತ ತುಂಬ ಚಿಕ್ಕವಳು, ತಲೆಯಲ್ಲಿ ಪೆನ್ನು ಸಿಕ್ಕಿಸಿಕೊಂಡು ಅದೇ ಪೆನ್ನನ್ನು ಮನೆಯೆಲ್ಲ ಹುಡುಕುವಂಥ ಹೆಣ್ಣುಮಗಳು. ಎಲ್ಲರಂತೆ ನಾವೂ ಮೇಡಂ ಅಂತಲೇ ಕರೆಯುತ್ತೇವೆ. ಈ ಮೇಡಂ ಗಾಜಿನಲ್ಲಿ ಒಂದು ಕರುಳು ಮಾಡಿಟ್ಟಿದ್ದರು. ಸಾಲಾಗಿ ಸೀಸೆಗಳು, ನಡುವೆ ಕೊಳವೆಗಳು, ಮೈಯ ಬಿಸಿಯಷ್ಟೇ ಬೆಚ್ಚಗಿನ ನೀರು, ಕೊನೆಗೆ ಗ್ಯಾಸು ತುಂಬಿಕೊಳ್ಳಲು ಒಂದು ಚೀಲ. ಅದಕ್ಕೆ ಜೀವ ಬರಬೇಕಾದರೆ ಮನುಷ್ಯರ ಕರುಳಿನ ಸೂಕ್ಷ್ಮಜೀವಿಗಳು ಬೇಕು. ಅವು ಸಿಗುವುದೆಲ್ಲಿ? ಅಲ್ಲೇ. ಮೇಡಂ ಕಟ್ಟಡದ ಆಫೀಸುಗಳಿಗೆಲ್ಲ ಹೋಗಿ ಕೇಳಿದರಂತೆ. ಕೆಲವರು ಕೊಟ್ಟರು, ಹೆಚ್ಚಿನವರು ಕಿಸಕ್ಕನೆ ನಕ್ಕು ಬಾಗಿಲು ಹಾಕಿಕೊಂಡರು. ನಮ್ಮವರ ಹತ್ತಿರ ಯಾರೂ ಏನನ್ನೂ ಕೇಳಿ ಎಷ್ಟು ಕಾಲವಾಗಿತ್ತೋ, ಕೇಳಿದ್ದೇ ತಡ ಹೂಂ ಅಂದುಬಿಟ್ಟರು.

ಮುಂದಿನ ವಾರ ಮೇಡಂ ಮೆಟ್ಟಿಲು ಇಳಿದು ಓಡಿ ಬಂದರಂತೆ. ಲಿಫ್ಟ್ ಬರುವ ತನಕ ಕಾಯುವ ತಾಳ್ಮೆ ಇರಲಿಲ್ಲ ಅವರಿಗೆ. ಬೇರೆಯವರ ಸೀಸೆಗಳಲ್ಲಿ ಹಸಿ ಆಲೂಗಡ್ಡೆಯ ಪಿಷ್ಟ ಸುಣ್ಣದ ಹಾಗೆ ತಳದಲ್ಲೇ ಕೂತಿದೆ, ನಮ್ಮವರದರಲ್ಲಿ ಪೂರ್ತಿ ಮಾಯ, ಗ್ಯಾಸಿನ ಚೀಲ ಉಬ್ಬಿ ಒಡೆಯುವ ಹಾಗಿದೆ. ಸಾರ್, ನಿಮ್ಮ ಹೊಟ್ಟೆ ಒಂದು ಖಜಾನೆ ಸಾರ್, ಅಂದರಂತೆ. ಅದನ್ನು ಮನೆಗೆ ಬಂದು ಹೇಳುವಾಗ ನಮ್ಮವರು ಖಜಾನೆ ಅನ್ನುವುದನ್ನು ಬಿಟ್ಟುಬಿಟ್ಟರು, ಸಾರ್ ಅನ್ನುವುದನ್ನು ಮಾತ್ರ ಮತ್ತೆ ಮತ್ತೆ ಹೇಳಿದರು.

ಅಲ್ಲಿಂದ ಶುರುವಾಯಿತು ನೋಡಿ. ಮಾತು ಬಿಟ್ಟಿದ್ದ ಮನುಷ್ಯ ಊಟಕ್ಕೆ ಕೂತರೆ ಪಾಠ ಮಾಡತೊಡಗಿದರು. ಪಿಷ್ಟ ಅಂದರೆ ಸಕ್ಕರೆಯ ಉದ್ದ ಸರಪಳಿ. ಎಂಜಲಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಇದೆ, ಅದು ಸರಪಳಿಯನ್ನು ತುಂಡು ಮಾಡುವ ಕತ್ತರಿ. ಬೇಕಾದರೆ ಪರೀಕ್ಷೆ ಮಾಡಿ ನೋಡು ಅಂತ ನನ್ನ ಬಾಯಿಗೆ ಬ್ರೆಡ್ಡಿನ ಚೂರು ತುರುಕಿ, ನುಂಗಬೇಡ, ಅಗಿಯುತ್ತಲೇ ಇರು ಅಂತ ಎದುರಿಗೆ ಕಾವಲು ಕೂತರು. ಸಪ್ಪೆ ಬ್ರೆಡ್ಡು ನಿಜವಾಗಿಯೂ ಸಿಹಿಯಾಯಿತು. ನನಗೆ ಆಶ್ಚರ್ಯವಾಯಿತು, ಆದರೆ ತೋರಿಸಿಕೊಳ್ಳಲಿಲ್ಲ, ಇಷ್ಟಕ್ಕೆ ನನ್ನ ಹೊಲಿಗೆ ನಿಲ್ಲಿಸಿದಿರಾ ಅಂತ ಬೈದೆ. ಅವರು ಬಿಡಬೇಕಲ್ಲ. ಬಾಯಿ ಮೇಲಿನ ಮಹಡಿ ಅಂತೆ, ಸಣ್ಣ ಕರುಳು ನಡುವಿನ ಮಹಡಿ, ಅಲ್ಲಿ ಇನ್ನೂ ಹರಿತವಾದ ಕತ್ತರಿಗಳು. ಸಾಧಾರಣ ಪಿಷ್ಟವೆಲ್ಲ ಸಕ್ಕರೆಯಾಗಿ ಅಲ್ಲೇ ಇಳಿದು ರಕ್ತಕ್ಕೆ ಹೋಗುತ್ತದೆ. ಆದರೆ ಹಸಿ ಬಾಳೆಕಾಯಿಯದು, ಬೇಯಿಸಿ ಪೂರ್ತಿ ತಣ್ಣಗಾದ ಆಲೂಗಡ್ಡೆಯಲ್ಲಿ ಒಂದಿಷ್ಟು, ಇವುಗಳ ಸರಪಳಿ ಒತ್ತೊತ್ತಾಗಿ ಸೇರಿಕೊಂಡು ಕತ್ತರಿಗೆ ಸಂದೇ ಕೊಡುವುದಿಲ್ಲ. ಅವು ಎಲ್ಲೂ ಇಳಿಯದೆ ಸೀದಾ ಕೆಳಮಹಡಿಗೆ, ಅಂದರೆ ದೊಡ್ಡ ಕರುಳಿಗೆ ಬರುತ್ತವೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹಸಿದು ಕೂತಿರುತ್ತವೆ, ಆದರೆ ಆ ಗಟ್ಟಿ ಪಿಷ್ಟಕ್ಕೆ ಮೊದಲು ಬಾಯಿ ಹಾಕುವ ಶಕ್ತಿ ಇರುವುದು ಎಲ್ಲೋ ಒಂದು ಜಾತಿಗೆ. ಅದು ಒಡೆದು ಚೆಲ್ಲಿದರೆ ಉಳಿದವಕ್ಕೆಲ್ಲ ಊಟ, ಅವು ಉಂಡು ಹೊರಬಿಡುವ ಹುಳಿಯೇ ಕರುಳಿನ ಗೋಡೆಗೆ ಆಹಾರ. ಆ ಜಾತಿ ನನ್ನಲ್ಲಿ ಹೇರಳವಾಗಿದೆ ಕಣೇ, ಅಂತ ಹೊಟ್ಟೆ ಸವರಿಕೊಂಡರು. ಮೇಡಂ ಅದಕ್ಕೆ ಏನೋ ಬಾಯಿ ತಿರುಗದ ಹೆಸರು ಹೇಳಿದ್ದರಂತೆ. ನಮ್ಮ ಮನೆಯಲ್ಲಿ ಅದರ ಹೆಸರು ಮುಂದಾಳು ಅಂತಾಯಿತು.

ಹೊಟ್ಟೆಯೊಳಗೆ ಮುಂದಾಳು ಬಂದ ಮೇಲೆ ನಮ್ಮವರ ಠೀವಿ ಕೇಳಬೇಕೆ. ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ಹೊಟ್ಟೆ ನೋಡಿಕೊಳ್ಳುವುದೇನು, ನೆಗಡಿಯಾದರೆ ಮಾತ್ರೆ ಮುಟ್ಟದೆ ಬಿಸಿನೀರು ಕುಡಿಯುವುದೇನು. ನಮ್ಮವರಿಗೆ ಮನೆಯಲ್ಲಿ ಬಿಟ್ಟು ಬೇರೆಲ್ಲೂ ಆಗುವುದಿಲ್ಲ, ಹಾಗಾಗಿ ಮೇಡಂ ಕೊಟ್ಟ ಬಿಗಿ ಮುಚ್ಚಳದ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬಿಸಿ ಆರುವುದರೊಳಗೆ ಬಸ್ಸಿನಲ್ಲಿ ತಲುಪಿಸಬೇಕು. ಒಂದು ದಿನ ನೂಕುನುಗ್ಗಲು, ಇವರಿಗೆ ಕೂರಲು ಜಾಗವಿಲ್ಲ. ಕೂತಿದ್ದ ಹೆಂಗಸು ಪಾಪ ಒಳ್ಳೆಯ ಮನಸ್ಸಿನಿಂದ, ಊಟದ ಡಬ್ಬಿನಾ, ಕೊಡಿ, ನಾನು ಹಿಡ್ಕೊಳ್ತೀನಿ ಅಂತ ತೊಡೆಯ ಮೇಲಿಟ್ಟುಕೊಂಡಳಂತೆ. ಇಳಿಯುವಾಗ, ಇನ್ನೂ ಬೆಚ್ಚಗಿದೆ, ಮನೆಯವರು ಪ್ರೀತಿಯಿಂದ ಕಟ್ಟಿಕೊಟ್ಟಿದ್ದಾರೆ ಅಂದಳಂತೆ. ಆ ಮಾತು ಕೇಳಿ ನಾನು ಹೊಲಿಗೆ ಮಶೀನಿನ ಮೇಲೆ ತಲೆಯಿಟ್ಟು ನಕ್ಕ ರಭಸಕ್ಕೆ ಸೂಜಿಯೇ ಮುರಿಯಿತು.

ನನ್ನ ಅಣ್ಣನಿಗೆ ಇದು ಗೊತ್ತಾಯಿತು. ಅವನ ಮನೆಗೆ ಊಟಕ್ಕೆ ಹೋದಾಗ ಎಲ್ಲರ ಮುಂದೆ, ಅಂತೂ ಭಾವನಿಗೆ ತಕ್ಕ ಕೆಲಸ ಸಿಕ್ಕಿತು ಅಂತ ನಕ್ಕ. ನಮ್ಮವರೂ ನಕ್ಕರು, ಆದರೆ ಕೈ ತಟ್ಟೆಯಲ್ಲೇ ನಿಂತಿತು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಗಂಡನನ್ನು ಆಡಿಕೊಳ್ಳುವ ಹಕ್ಕು ನನ್ನೊಬ್ಬಳದು, ಅದನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ. ನಿನ್ನ ಹೊಟ್ಟೆಯಲ್ಲಿರುವುದನ್ನು ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟುವುದಿಲ್ಲ ಅಂತ ಅಣ್ಣನಿಗೆ ಹೇಳಿ, ಕೈ ತೊಳೆದು, ಇವರನ್ನು ಎಬ್ಬಿಸಿಕೊಂಡು ಬಂದೆ.

ಹೀಗೇ ಎರಡು ವರ್ಷ ಕಳೆದ ಮೇಲೆ ಒಂದು ದೊಡ್ಡ ಪರೀಕ್ಷೆ ನಿಗದಿಯಾಯಿತು. ಭೇದಿಯಾಗಿ ಸೊರಗಿದ ಮಕ್ಕಳಿಗೆ ಕೊಡಲು ಬಾಳೆಕಾಯಿಯ ಗಟ್ಟಿ ಪಿಷ್ಟದಿಂದ ಮೇಡಂ ಒಂದು ಪುಡಿ ಮಾಡಿದ್ದರು. ಅದನ್ನು ಗಾಜಿನ ಕರುಳಿಗೆ ಹಾಕಿ, ಮುಂದಾಳು ಅದನ್ನು ಒಡೆಯುವುದನ್ನು ಲ್ಯಾಬಿಗೆ ದುಡ್ಡು ಕೊಡುವ, ಹೊರಗಿನಿಂದ ಬರುವ ದೊಡ್ಡವರಿಗೆ ತೋರಿಸಬೇಕು. ತೋರಿಸದಿದ್ದರೆ ಲ್ಯಾಬು ಮುಚ್ಚುತ್ತದೆ. ಹಿಂದಿನ ಸಂಜೆಯೊಳಗೆ ನಮ್ಮವರ ಡಬ್ಬಿ ಬರಬೇಕು, ತಾಜಾ ಆಗಿಯೇ ಇರಬೇಕು, ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟದ್ದರಲ್ಲಿ ಉಳಿದ ಸೂಕ್ಷ್ಮಜೀವಿಗಳು ಎದ್ದರೂ ಮುಂದಾಳು ಏಳುವುದಿಲ್ಲವಂತೆ. ನಮ್ಮವರು ನೀಲಿ ಅಂಗಿಯನ್ನು ಎರಡೆರಡು ಸಲ ಇಸ್ತ್ರಿ ಮಾಡಿಸಿಕೊಂಡರು.

ಅದೇ ವಾರ ಅವರು ಮನೆಯೊಳಗೂ ಮಫ್ಲರ್ ಸುತ್ತಿಕೊಂಡು ಓಡಾಡತೊಡಗಿದರು. ಸೆಖೆಯಲ್ಲಿ ಇದೇನು ವೇಷ ಅಂದರೆ ಗಂಟಲಿಗೆ ಗಾಳಿ ಅಂದರು. ದಿನಾ ಬೆಳಗ್ಗೆ ತಿನ್ನುವ ತಣ್ಣಗಿನ ಆಲೂಗಡ್ಡೆ ತಟ್ಟೆಯಲ್ಲಿ ಹಾಗೇ ಉಳಿಯುತ್ತಿತ್ತು. ಪರೀಕ್ಷೆಯ ಹಿಂದಿನ ಬೆಳಗ್ಗೆ ಸಿಟ್ಟು ಬಂದು ಮಫ್ಲರ್ ಎಳೆದೆ. ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು. ಹಲ್ಲಿನ ಬುಡದಲ್ಲಿ ಕೀವಾಗಿ ದಿನಗಳೇ ಆಗಿದ್ದವು. ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಕೀವು ತೆಗೆದು, ಆಂಟಿಬಯೋಟಿಕ್ ಬರೆದುಕೊಟ್ಟು, ಮನೆಗೆ ಹೋದ ತಕ್ಷಣ ನುಂಗಿಸಿ, ಕುತ್ತಿಗೆಗೆ ಇಳಿದರೆ ಜೀವಕ್ಕೇ ಅಪಾಯ ಅಂದರು.

ಮನೆಗೆ ಬಂದು ನೀರು ತಂದುಕೊಟ್ಟರೆ ಇವರು ಬಾಯಿ ತೆರೆಯಲೊಲ್ಲರು. ಆ ಮಾತ್ರೆ ಹಲ್ಲಿನ ಕ್ರಿಮಿಯನ್ನಷ್ಟೇ ಕೊಲ್ಲುವುದಿಲ್ಲ, ಕೆಳಮಹಡಿಯನ್ನೂ ಗುಡಿಸಿಹಾಕುತ್ತದೆ, ಮುಂದಾಳು ಉಳಿಯುವುದಿಲ್ಲ ಅನ್ನುವುದು ಅವರ ವಾದ. ನಾನು ಮೇಡಂಗೆ ಫೋನು ಮಾಡಿದೆ. ಆ ಹುಡುಗಿ ಓಡಿ ಬಂತು, ಕೆನ್ನೆ ನೋಡಿತು, ಪರೀಕ್ಷೆ ಹಾಳಾಗಲಿ, ಮೊದಲು ಮಾತ್ರೆ ತಗೊಳ್ಳಿ ಸಾರ್ ಅಂತು. ಇವರು ಕೇಳಲಿಲ್ಲ. ಡಬ್ಬಿ ತುಂಬಿಸಿ ಆಮೇಲೆ ನುಂಗುತ್ತೇನೆ ಅಂತ ಅದನ್ನು ಹಿಡಿದು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಒಳ್ಳೆಯ ಉಪಾಯವೇ. ಆದರೆ ನಾಲ್ಕು ದಿನದಿಂದ ಸರಿಯಾಗಿ ತಿನ್ನದವರ ಹೊಟ್ಟೆಯಲ್ಲಿ ಏನಿರುತ್ತದೆ? ಹೊರಗೆ ನಾವಿಬ್ಬರೂ ಕಾದೆವು. ಮೇಡಂ ನೆಲದ ಮೇಲೆ ಕೂತು ಉಗುರು ಕಚ್ಚುತ್ತಿದ್ದರು. ನಾನು ಒಂದು ಪ್ಯಾಂಟು ತಂದು ಬಾಗಿಲ ಮುಂದೆ ಕೂತು, ಈ ಕಾಲಿನ ಹೊಲಿಗೆ ಮುಗಿಯುವ ತನಕ ಟೈಮು, ಆಮೇಲೆ ಬಾಗಿಲು ಒಡೆಯುತ್ತೇನೆ ಅಂದೆ. ಒಳಗಿನಿಂದ ತಿಣುಕುವ ಸದ್ದು. ಮೇಡಂ, ಸಾರ್ ಆರಾಮಾಗಿ ಉಸಿರಾಡಿ ಅಂದರು. ಇವರು, ಆಗ್ತಾ ಇದೆ, ಆಗ್ತಾ ಇದೆ ಅಂದರು. ಏನೂ ಆಗುತ್ತಿರಲಿಲ್ಲ. ಪಕ್ಕದ ಮನೆಯಾಕೆ ತನ್ನ ಕುಪ್ಪಸ ಕೇಳಲು ಬಂದವಳು ನಮ್ಮನ್ನು ಕಂಡು, ಯಾರಿಗಾದರೂ ಹೆರಿಗೆನಾ ಅಂದಳು. ಆ ಗಾಬರಿಯಲ್ಲೂ ನನಗೆ ನಗು ಒತ್ತರಿಸಿ ಬಂತು. ಮೇಡಂಗೂ ಬಂತು. ಇಬ್ಬರೂ ಬಾಯಿಗೆ ಪ್ಯಾಂಟಿನ ಒಂದೊಂದು ಕಾಲು ಒತ್ತಿಕೊಂಡು ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು. ಒಳಗಿದ್ದವರು ಅದನ್ನು ಕೇಳಿಸಿಕೊಂಡರೋ ಏನೋ, ಬಾಗಿಲು ತೆರೆಯಿತು. ಡಬ್ಬಿ ಖಾಲಿ. ಮುಖ ಜ್ವರಕ್ಕೆ ಕೆಂಪಾಗಿತ್ತು.

ನನ್ನ ನಗು ಅಲ್ಲೇ ಸತ್ತಿತು. ಮಾತ್ರೆ ಕೈಯಲ್ಲಿ ಹಿಡಿದು, ಹುಳಕ್ಕೋಸ್ಕರ ಸಾಯ್ತೀರೇನ್ರೀ ಅಂತ ಕೂಗಿದೆ.

ಅವರು ಕೂಗಲಿಲ್ಲ. "ಇಷ್ಟು ವರ್ಷ ಜನರನ್ನ ಮೇಲೆ ಕೆಳಗೆ ಕರ್ಕೊಂಡು ಹೋದೆ ಕಣೇ. ಒಂದು ದಿನ ನಾನು ಬರದೇ ಇದ್ರೆ, ಯಾಕೆ ಬಂದಿಲ್ಲ ಅಂತ ಒಬ್ಬರೂ ಕೇಳಿಲ್ಲ. ಈಗ ಕೇಳೋರು ಇದ್ದಾರೆ. ನಾಳೆಯಿಂದ ಮತ್ತೆ ಇರಲ್ಲ."

ನನ್ನ ಕೈಯಲ್ಲಿ ಮಾತ್ರೆ ಹಾಗೇ ಇತ್ತು. ಮಗುವಿಗೆ ಹಾಕುವಂತೆ ಬಾಯಿಗೆ ಹಾಕಿ, ನೀರು ಕುಡಿಸಿ, ನುಂಗಿದ್ದು ಖಾತ್ರಿಯಾಗುವ ತನಕ ಗದ್ದ ಹಿಡಿದುಕೊಂಡೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಬೆನ್ನು ಅಲುಗುತ್ತಿದ್ದುದು ಕಾಣುತ್ತಿತ್ತು. ನನ್ನ ಕೈಯಾರೆ ಏನನ್ನೋ ಕೊಂದೆ ಅನ್ನಿಸಿ ಸಂಕಟವಾಯಿತು.

ಮೇಡಂ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತೆ. ಅವರು ನನ್ನನ್ನೇ ನೋಡತೊಡಗಿದರು, ನನ್ನ ಮುಖವನ್ನಲ್ಲ, ಹೊಟ್ಟೆಯನ್ನು. ಆಮೇಲೆ ಒಂದೊಂದೇ ಪ್ರಶ್ನೆ. ನೀವೂ ಅದೇ ತಣ್ಣಗಿನ ಆಲೂಗಡ್ಡೆ ತಿನ್ನುತ್ತೀರಾ? ಹೂಂ, ರಾತ್ರಿ ಬೇಯಿಸಿಟ್ಟರೆ ಬೆಳಗ್ಗೆ ನನಗೆ ಒಲೆಯ ಕೆಲಸವಿಲ್ಲ, ಮದುವೆಯಾದಾಗಿನಿಂದ ಅದೇ ಅಭ್ಯಾಸ. ಈಚೆಗೆ ಆಂಟಿಬಯೋಟಿಕ್ ತಗೊಂಡಿದ್ದೀರಾ? ನನಗೆ ಕಾಯಿಲೆ ಬೀಳಲು ಪುರುಸೊತ್ತೆಲ್ಲಿದೆ. ಒಂದೇ ಮನೆಯಲ್ಲಿ, ಒಂದೇ ಪಾತ್ರೆಯಲ್ಲಿ ಉಣ್ಣುವವರು ಸೂಕ್ಷ್ಮಜೀವಿಗಳನ್ನೂ ಹಂಚಿಕೊಂಡಿರುವುದುಂಟು, ಖಂಡಿತ ಅಂತ ಹೇಳಲಾರೆ, ಆದರೆ ಅಮ್ಮಾ, ಅಂದರು. ಮಾತು ಎಲ್ಲಿಗೆ ಹೋಗುತ್ತಿದೆ ಅಂತ ನನಗೆ ಹೊಳೆಯಿತು. ಕಿವಿಯ ತನಕ ನಾಚಿಕೆಯಾಯಿತು. ನನ್ನ ಕೈಲಾಗಲ್ಲ, ನಾನು ಮರ್ಯಾದಸ್ಥೆ ಅಂದೆ. ಅಷ್ಟು ಹೇಳಿ, ಡಬ್ಬಿ ಇಸಿದುಕೊಂಡು ಒಳಗೆ ಹೋದೆ. ನನ್ನ ಹೊಟ್ಟೆ ನನ್ನ ನಾಲಿಗೆಯಷ್ಟೇ ಚುರುಕು, ಕಾಯಿಸುವುದಿಲ್ಲ. ಮೇಡಂ ಡಬ್ಬಿಯನ್ನು ಎದೆಗೆ ಅವುಚಿಕೊಂಡು ರಸ್ತೆಯಲ್ಲಿ ಓಡಿದರು. ನಮ್ಮವರಿಗೆ ನಾನು ಏನೂ ಹೇಳಲಿಲ್ಲ. ಏನೂ ಆಗದಿದ್ದರೆ ಆಸೆ ತೋರಿಸಿ ಮತ್ತೆ ಕೊಲ್ಲುವುದು ಬೇಡ ಅನ್ನಿಸಿತು.

ಬೆಳಗ್ಗೆ ಬಾವು ಸ್ವಲ್ಪ ಇಳಿದಿತ್ತು. ಇವರು ನೀಲಿ ಅಂಗಿ ಹಾಕಿಕೊಂಡು, ನಾನೇ ಹೋಗಿ ತಪ್ಪಾಯಿತು ಅಂತ ಹೇಳಿಬರುತ್ತೇನೆ ಅಂದರು. ನಾನೂ ಬರುತ್ತೇನೆ ಅಂತ ಹೊರಟೆ. ಬಸ್ಸಿನಲ್ಲಿ ಅವರ ತೊಡೆ ಖಾಲಿಯಿತ್ತು, ಕೈ ಎಲ್ಲಿಡಬೇಕು ಅಂತಲೇ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಲ್ಯಾಬಿನಲ್ಲಿ ಕೋಟು ಹಾಕಿದವರು ಸುತ್ತ ನಿಂತಿದ್ದರು. ನಡುವೆ ಗಾಜಿನ ಕರುಳು ಬುಳುಬುಳು ಅನ್ನುತ್ತಿತ್ತು. ತಳದಲ್ಲಿ ಬಿಳಿಯ ಚುಕ್ಕೆ ಕೂಡ ಇಲ್ಲ. ಗ್ಯಾಸಿನ ಚೀಲ ಎಂಥಾ ಉಬ್ಬಿತ್ತು ಅಂದರೆ ಅದಕ್ಕೆ ಎರಡನೇ ಚೀಲ ಸಿಕ್ಕಿಸಿದ್ದರು, ಅದೂ ಅರ್ಧ ತುಂಬಿತ್ತು. ಮೇಡಂ ರಾತ್ರಿಯಿಡೀ ಮನೆಗೆ ಹೋಗಿರಲಿಲ್ಲ. ನನ್ನನ್ನು ಕಂಡದ್ದೇ ತಬ್ಬಿಕೊಂಡು ಗಿರಗಿರ ತಿರುಗಿಸಿಬಿಟ್ಟರು. ಇಷ್ಟು ವಯಸ್ಸಿನಲ್ಲಿ, ಅಷ್ಟು ಜನರ ಮುಂದೆ, ನನ್ನ ಹೊಟ್ಟೆಯ ಗ್ಯಾಸಿಗೆ ದೊಡ್ಡವರು ಚಪ್ಪಾಳೆ ತಟ್ಟುತ್ತಿದ್ದರು, ನನಗೋ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ಸಂತೋಷಕ್ಕೆ ತಲೆ ತಿರುಗಿತು ಅಂದರೆ ಸುಳ್ಳಲ್ಲ.

ಆಮೇಲೆ ನಮ್ಮವರ ಮುಖ ನೋಡಿದೆ. ಅವರು ಚೀಲ ನೋಡಿದರು, ನನ್ನನ್ನು ನೋಡಿದರು, ಲೆಕ್ಕ ಅರ್ಥವಾಯಿತು ಅವರಿಗೆ. ಕೋಟಿನವರಲ್ಲಿ ಹಿರಿಯರೊಬ್ಬರು ಬಂದು ಇವರ ಕೈ ಹಿಡಿದು, ಇದು ನಿಮ್ಮದಂತೆ, ತುಂಬ ಕೇಳಿದ್ದೇವೆ ನಿಮ್ಮ ಬಗ್ಗೆ ಅಂದರು. ಮೇಡಂ ಬಾಯಿ ತೆರೆಯುವುದರೊಳಗೆ ನಾನೇ ಹೂಂ ಅವರದೇ, ಅವರದೇ ಅಂದುಬಿಟ್ಟೆ. ಒಂದು ಸುಳ್ಳು ಹೇಳಿದರೆ ಆ ಕುರ್ಚಿಯ ಮನುಷ್ಯನಿಗೆ ಇನ್ನೊಂದಿಷ್ಟು ದಿನ ಸಾರ್ ಅನ್ನಿಸಿಕೊಳ್ಳುವ ಭಾಗ್ಯ ಇರುತ್ತದಲ್ಲ.

"ನಂದಲ್ಲ ಸಾರ್," ಅಂದರು ನಮ್ಮವರು, ಊದಿದ ಬಾಯಲ್ಲೇ, ಎಲ್ಲರಿಗೂ ಕೇಳುವಂತೆ. "ಇವಳದು. ಆಲೂಗಡ್ಡೆ ಬೇಯಿಸಿ ಹಾಕಿದವಳೂ ಇವಳೇ. ನನ್ನ ಹತ್ರ ಇದ್ದಿದ್ದೂ ಇವಳು ಕೊಟ್ಟಿದ್ದೇ ಇರಬೇಕು."

ಯಾರು ಯಾರಿಗೆ ಕೊಟ್ಟದ್ದು ಅಂತ ಹೇಳಲು ಬರುವುದಿಲ್ಲ ಅಂತ ಮೇಡಂ ಹೇಳಿದರು, ಆದರೆ ಆಗಲೇ ಎಲ್ಲರೂ ನನ್ನ ಕಡೆ ತಿರುಗಿದ್ದರು. ಹಿರಿಯರು ನನ್ನನ್ನು ಮೇಡಂ ಅಂತ ಕರೆದರು. ನಾನು ತಬ್ಬಿಬ್ಬಾಗಿ, ಪ್ಯಾಂಟು ಏನಾದರೂ ರಿಪೇರಿ ಇದ್ದರೆ ಕಳಿಸಿ ಅಂದೆ.

ಹೊರಗೆ ರಸ್ತೆಗೆ ಬಂದದ್ದೇ ಶುರುಮಾಡಿದೆ. ನಿಮಗೆ ತಲೆಯಲ್ಲಿ ಏನಾದರೂ ಇದೆಯಾ, ಎಲ್ಲ ಹೊಟ್ಟೆಯಲ್ಲೇ ಇತ್ತಾ, ತಾನಾಗಿ ಬಂದ ಮರ್ಯಾದೆಯನ್ನು ಯಾರಾದರೂ ಹೀಗೆ ಎತ್ತಿ ಕೊಡುತ್ತಾರಾ, ನಾನು ಹೂಂ ಅಂದಮೇಲೆ ಸುಮ್ಮನಿರಲು ಏನಾಗಿತ್ತು. ಫುಟ್‌ಪಾತಿನ ಉದ್ದಕ್ಕೂ ಬೈದೆ. ಅವರು ಕೆನ್ನೆ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡರು.

"ಎರಡು ವರ್ಷ ನನ್ನನ್ನ ಕೇಳೋರಿದ್ರು," ಅಂದರು. "ನಿನ್ನನ್ನ ಯಾವತ್ತು ಯಾರು ಕೇಳಿದ್ರೇ? ನಾನೂ ಕೇಳಲಿಲ್ಲ."

ಮಾತಿಗೆ ಮಾತು ಕೊಡುವ ನಾನು, ಇಬ್ಬರ ಪಾಲಿನ ಮಾತು ಆಡುವ ನಾನು, ಬೈಯುವುದನ್ನು ಅಲ್ಲಿಗೇ ಬಿಟ್ಟು ಅವರ ಅಂಗಿಯ ತೋಳು ಹಿಡಿದುಕೊಂಡೆ. ಬಸ್ಸು ಬಂತು, ಹೋಯಿತು, ನಾವು ಹತ್ತಲಿಲ್ಲ. ಅಲ್ಲೇ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತು ನಾನು ಗಳಗಳ ಅತ್ತೆ, ಅಳುವಿನ ಮಧ್ಯೆ ಆ ಉಬ್ಬಿದ ಚೀಲ ನೆನಪಾಗಿ ನಗು ಬಂತು, ನಗು ನೋಡಿ ಅವರೂ ನಕ್ಕು ಅಯ್ಯೋ ಹಲ್ಲು ಅಂತ ಕೆನ್ನೆ ಹಿಡಿದುಕೊಂಡರು. ದಾರಿಯಲ್ಲಿ ಹೋಗುವವಳೊಬ್ಬಳು ನಿಂತು, ಏನಾಯಿತು, ಹುಷಾರಿದ್ದೀರಾ ಅಂತ ಕೇಳಿದಳು.

"ಇವಳು ನನ್ನ ಹೆಂಡತಿ," ಅಂದರು ನಮ್ಮವರು ಅವಳಿಗೆ, ಅವಳು ಕೇಳಿದ್ದೇ ಅದನ್ನು ಅನ್ನುವ ಹಾಗೆ.